ಮನೆಯ ಕಂಪ್ಯೂಟರಿನ ರಾಜಮುದ್ರೆ

ನಂಜನಗೂಡಿಗೆ ಸಮೀಪದ ಕಳಲೆಯ ಹೆಸರನ್ನು ಕೇಳಿದೊಡನೆ ಚರಿತ್ರೆ ಓದಿದವರಿಗೆ ಮೈಸೂರಿನ ದಳವಾಯಿಗಳು ನೆನಪಾಗುತ್ತಾರೆ. ಬೇಸಾಯಗಾರರಿಗೆ ಆ ಸೀಮೆಯ ರಸಬಾಳೆ ನೆನಪಾಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವ ಗೃಹಸ್ಥರು ಈ ಎರಡರಿಂದಲೂ ಕಲಿಯಬೇಕಾದುದುಂಟು ಎಂದರೆ ವಾಚಕರು ನಕ್ಕಾರು. ನಗಲಿ; ಆದರೆ ಕಡೆಯವರೆಗೆ ಓದಿ ನಗಲಿ.

ಮೊದಲು ಬಾಳೆಯ ವಿಚಾರ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ತೋಟಗಳು ಮಾತ್ರ ವಿರಳವಾಗಿ ಹೋದುವು. ಇದಕ್ಕೆ ಮುಖ್ಯ ಕಾರಣ ಪನಾಮ ಸೊರಗು ರೋಗ. ಈ ರೋಗದ ಶಿಲೀಂಧ್ರವು ಬೇರಿನ ಮೂಲಕ ಗಿಡದೊಳಕ್ಕೆ ಹೊಕ್ಕು, ನೀರು ಮೇಲೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಒಂದು ತೋಟದಿಂದ ದೂರದ ಇನ್ನೊಂದು ತೋಟಕ್ಕೆ ಅದನ್ನು ಒಯ್ಯುವವನು ಬಹುಮಟ್ಟಿಗೆ ಮನುಷ್ಯನೇ. ನೆಂಟರ ತೋಟದಿಂದ ವಿಶ್ವಾಸದಿಂದ ತಂದ ಕಂದಿನಲ್ಲಿ, ಅದಕ್ಕೆ ಅಂಟಿದ ಮಣ್ಣಿನಲ್ಲಿ ರೋಗವೂ ಬರುತ್ತದೆ. ಕಂದು ನೋಡಲು ಹಸಿರಾಗಿಯೇ ಇರುತ್ತದೆ. ಕೊಟ್ಟವನಿಗೂ ತಿಳಿಯದು, ತಂದವನಿಗೂ ತಿಳಿಯದು.

ಕಂಪ್ಯೂಟರ್ ವೈರಸ್ಸು ಜೀವವುಳ್ಳ ವಸ್ತುವಲ್ಲ. ಮನುಷ್ಯನೇ ಬರೆದಿಟ್ಟ ಆಜ್ಞೆಗಳ ಒಂದು ಸರಣಿ. ತನ್ನ ನಕಲನ್ನು ತಾನೇ ಮತ್ತೊಂದೆಡೆ ಮಾಡಿಡುವುದರಿಂದ ಅದಕ್ಕೆ ಆ ಹೆಸರು ಬಂದಿತು. ಅದರ ಪ್ರಯಾಣವೂ ಬಾಳೆಯ ರೋಗದಂತೆಯೇ. 1986ರಲ್ಲಿ ಲಾಹೋರಿನ ಸೋದರರಿಬ್ಬರು ಬರೆದ ‘ಬ್ರೇನ್’ ಎಂಬ ವೈರಸ್ಸು ಫ್ಲಾಪಿ ತಟ್ಟೆಗಳಲ್ಲಿ ಅಡಗಿ, ಕೈಯಿಂದ ಕೈಗೆ ದಾಟಿ, ದೂರದೇಶಗಳನ್ನು ಸೇರಿತು. ತಮ್ಮ ವೈದ್ಯಕೀಯ ಸಾಫ್ಟ್‌ವೇರನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲೆಂದೇ ಬರೆದೆವೆಂದು ಆ ಸೋದರರು ಹೇಳಿಕೊಂಡರು. ಅದರೊಳಗೆ ತಮ್ಮ ಹೆಸರು, ವಿಳಾಸ, ಟೆಲಿಫೋನ್ ನಂಬರುಗಳನ್ನೂ ಬರೆದಿದ್ದರು! ಈಗಿನವರಲ್ಲಿ ಅಷ್ಟು ಮರ್ಯಾದೆಯನ್ನು ನಿರೀಕ್ಷಿಸಲಾಗದು.

ಫ್ಲಾಪಿಯ ಸ್ಥಾನಕ್ಕೆ ಈಗ ಪೆನ್‌ಡ್ರೈವ್ ಬಂದಿದೆ. ಹಳ್ಳಿಯ ಯುವಕನೊಬ್ಬ ಅರ್ಜಿಯೊಂದನ್ನು ಮುದ್ರಿಸಿಕೊಳ್ಳಲು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತಾನೆನ್ನಿ. ಹತ್ತಾರು ಜನರ ಪೆನ್‌ಡ್ರೈವುಗಳು ಹೊಕ್ಕು ಬಂದ ಯಂತ್ರಕ್ಕೆ ಇವನದೂ ಸೇರುತ್ತದೆ. ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಸಣ್ಣ ಬಾಣದ ಗುರುತುಳ್ಳ ಶಾರ್ಟ್‌ಕಟ್ಟುಗಳಾಗಿವೆ. ಗಾಬರಿಯಿಂದ ಅದನ್ನು ಒತ್ತಿದನೋ, ಮನೆಯ ಯಂತ್ರಕ್ಕೂ ರೋಗ ತಗುಲಿತು. ಅಥವಾ ಎಲ್ಲವೂ ಹೋಯಿತೆಂದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿದನೋ, ಇದ್ದುದೂ ಹೋಯಿತು. ವಾಸ್ತವವಾಗಿ ಈ ಬಗೆಯ ವೈರಸ್ಸು ಸಾಮಾನ್ಯವಾಗಿ ಮೂಲ ಕಡತಗಳನ್ನು ಅಳಿಸುವುದಿಲ್ಲ. ಕಣ್ಣಿಗೆ ಕಾಣದಂತೆ ಮರೆಮಾಡಿ, ಆ ಜಾಗದಲ್ಲಿ ತನ್ನ ವೇಷಧಾರಿಗಳನ್ನು ನಿಲ್ಲಿಸುತ್ತದೆ. ಯಾವುದನ್ನೂ ತೆರೆಯದೆ, ಮೊದಲು ವೈರಸ್ ನಿರೋಧಕದಿಂದ ಪರೀಕ್ಷಿಸಿ ಶುಚಿಗೊಳಿಸಿದರೆ, ಮರೆಯಾದುದನ್ನು ಅನಂತರ ಕಾಣುವಂತೆ ಮಾಡಿಕೊಳ್ಳಬಹುದು. ಇದಕ್ಕಿಂತ ಸುಲಭವಾದ ಉಪಾಯವೆಂದರೆ, ಹೊರಗಿನ ಕೆಲಸಕ್ಕೆಂದೇ ಬೇರೊಂದು ಪೆನ್‌ಡ್ರೈವ್ ಇಟ್ಟುಕೊಂಡು, ಮುದ್ರಿಸಬೇಕಾದ ಕಾಗದದ ಹೊರತು ಅದರಲ್ಲಿ ಏನನ್ನೂ ಇಡದಿರುವುದು.

ಅಂಚೆಯ ಮೂಲಕ ಬರುವ ರೋಗವೂ ಉಂಟು. 2000ದ ಮೇ ತಿಂಗಳಿನಲ್ಲಿ ಫಿಲಿಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಎಂಬುದು ಪ್ರೇಮಪತ್ರದ ವೇಷದಲ್ಲಿ ಜಗತ್ತನ್ನೇ ಸುತ್ತಿತು. ಪತ್ರದ ಕಡತದ ಹೆಸರಿನಲ್ಲಿ ‘ಟಿಎಕ್ಸ್‌ಟಿ’ ಎಂದಿದ್ದರೂ ಅದರ ಮುಂದೆ ‘ವಿಬಿಎಸ್’ ಎಂಬ ಇನ್ನೊಂದು ಬಾಲವಿತ್ತು. ವಿಂಡೋಸ್ ಈ ಬಾಲಗಳನ್ನು ತೋರಿಸದೆ ಮುಚ್ಚಿಡುವುದರಿಂದ, ಓದುವ ಪತ್ರವೆಂದು ಜನ ಒತ್ತಿದರು. ಅದು ಪತ್ರವಾಗಿರಲಿಲ್ಲ, ಪ್ರೋಗ್ರಾಮಾಗಿತ್ತು. ಕಡತದ ಹೆಸರನ್ನು ಪೂರ್ತಿಯಾಗಿ ತೋರಿಸುವ ಏರ್ಪಾಡು ವಿಂಡೋಸಿನಲ್ಲಿದೆ. ಅದನ್ನು ಮಾಡಿಕೊಳ್ಳುವುದು ಉತ್ತಮ. ಈಚಿನ ವರ್ಷಗಳಲ್ಲಿ ಇದೇ ಆಟ ಮೊಬೈಲಿಗೂ ಬಂದಿದೆ. ವಾಟ್ಸಾಪಿನಲ್ಲಿ ಬರುವ ಮದುವೆಯ ಕರೆಯೋಲೆಯ ಹೆಸರು ‘ಎಪಿಕೆ’ ಎಂದು ಕೊನೆಗೊಂಡರೆ, ಅದು ಕರೆಯೋಲೆಯಲ್ಲ, ಆ್ಯಪ್ ಎಂದು ತಿಳಿಯತಕ್ಕದ್ದು.

ಇನ್ನು ಪುಕ್ಕಟೆಯ ಆಸೆ. ಬೆಲೆಯುಳ್ಳ ಸಾಫ್ಟ್‌ವೇರನ್ನು ಕಳ್ಳದಾರಿಯಿಂದ ತರುವಾಗ, ‘ಮೊದಲು ನಿಮ್ಮ ವೈರಸ್ ನಿರೋಧಕವನ್ನು ನಿಲ್ಲಿಸಿ’ ಎಂಬ ಸೂಚನೆ ಅದರ ಜೊತೆಯಲ್ಲಿಯೇ ಇರುವುದುಂಟು. ಕಾವಲುಗಾರನನ್ನು ಮಲಗಿಸಿದರೆ ಮಾತ್ರ ಬರುತ್ತೇನೆನ್ನುವ ಅತಿಥಿಯನ್ನು ಯಾರಾದರೂ ಮನೆಗೆ ಕರೆದಾರೆಯೆ?

ಈಗ ದಳವಾಯಿಗಳ ವಿಚಾರ. ಇಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಮೇಲಿದ್ದಾಗ, ರಾಜ್ಯದ ನಿಜವಾದ ಅಧಿಕಾರ ಕಳಲೆಯ ಸೋದರರಾದ ದೇವರಾಜಯ್ಯ, ನಂಜರಾಜಯ್ಯ ಇವರ ಕೈಯಲ್ಲಿತ್ತು. ಹೆಸರು ಅರಸರದು, ಅಪ್ಪಣೆ ದಳವಾಯಿಗಳದು. ಆ ನಂಜರಾಜಯ್ಯನ ಆಶ್ರಯದಲ್ಲಿಯೇ ಮೇಲಕ್ಕೆ ಬಂದ ಹೈದರ್ ಅಲಿ 1761ರಲ್ಲಿ ಅಧಿಕಾರವನ್ನೆಲ್ಲ ತಾನೇ ವಹಿಸಿಕೊಂಡನು. ಒಮ್ಮೆ ಒಬ್ಬರಿಗೆ ಕೊಟ್ಟ ಮುದ್ರೆ ಮುಂದೆ ಯಾರ ಕೈ ಸೇರುವುದೆಂಬುದು ಕೊಟ್ಟವರ ವಶದಲ್ಲಿ ಉಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ ಈ ರಾಜಮುದ್ರೆಗೆ ‘ಅಡ್ಮಿನಿಸ್ಟ್ರೇಟರ್’ ಎಂದು ಹೆಸರು. ಆ ಖಾತೆಯವನು ಯಾವ ಪ್ರೋಗ್ರಾಮನ್ನಾದರೂ ಸ್ಥಾಪಿಸಬಹುದು, ಯಾವ ಕಾವಲನ್ನಾದರೂ ತೆಗೆಯಬಹುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಅದೊಂದೇ ಖಾತೆ. ಯಜಮಾನರ ಲೆಕ್ಕವೂ ಅದರಲ್ಲಿಯೇ, ಮಕ್ಕಳ ಆಟವೂ ಅದರಲ್ಲಿಯೇ. ವೈರಸ್ಸು ಮೊದಲು ಪಡೆಯುವುದು ತನ್ನನ್ನು ತೆರೆದವನ ಅಧಿಕಾರವನ್ನೇ. ಆದುದರಿಂದ ನಿತ್ಯದ ಬಳಕೆಗೆ ಸಾಮಾನ್ಯ ಖಾತೆಯೊಂದನ್ನು ಮಾಡಿ, ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡನ್ನು ಮನೆಯ ಹಿರಿಯರೊಬ್ಬರು ಇಟ್ಟುಕೊಳ್ಳಬೇಕು. ಕೇಳದೆಯೇ ಯಂತ್ರವು ಆ ಪಾಸ್‌ವರ್ಡ್ ಬೇಡಿದರೆ, ಕೊಡುವ ಮೊದಲು ‘ಇದನ್ನು ಬಯಸಿದವರು ಯಾರು?’ ಎಂದು ವಿಚಾರಿಸಬೇಕು. ತೆರೆಯ ಮೇಲೆ ಥಟ್ಟನೆ ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂಬ ಕೆಂಪು ಎಚ್ಚರಿಕೆ ಮೂಡಿದರೆ ಅದು ಮುದ್ರೆ ಕೇಳಲು ಬಂದ ಮೋಸಗಾರನೇ. ನಿಜವಾದ ವೈರಸ್ ನಿರೋಧಕವು ಹಾಗೆ ಫೋನ್ ಮಾಡಿಸುವುದಿಲ್ಲ.

ನಾವು ಏನನ್ನೂ ತೆರೆಯದಿದ್ದರೂ ತಾನಾಗಿಯೇ ನುಗ್ಗುವ ಜಾತಿಯೂ ಒಂದುಂಟು. 2017ರ ಮೇ ತಿಂಗಳಿನಲ್ಲಿ ‘ವನ್ನಾಕ್ರೈ’ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಜನರ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು! ‘ಅಪ್‌ಡೇಟ್ ನಾಳೆ ಆಗಲಿ’ ಎಂದು ಮುಂದೂಡುವವರು ಇದನ್ನು ನೆನೆಯಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅದನ್ನು ಇಟ್ಟುಕೊಂಡವರು ಮುಂದಿನ ಏರ್ಪಾಡನ್ನು ಯೋಚಿಸತಕ್ಕದ್ದು. ಕಾವಲಿಗಾಗಿ ಬೇರೆ ಹಣ ಸುರಿಯಲೇಬೇಕೆಂದಿಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ ವೈರಸ್ ನಿರೋಧಕವು ಒಳಗೇ ಇದೆ. ಅದು ಎಚ್ಚರವಾಗಿದೆಯೇ ಎಂದು ಆಗಾಗ ನೋಡಿದರೆ ಸಾಕು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಶುಚೀಕರಣ ಸಾಧನಗಳೂ ಉಚಿತವೇ.

ಇಷ್ಟಾದರೂ ರೋಗ ಬಂದರೆ? ಒಡನೆಯೇ ಇಂಟರ್‌ನೆಟ್ ಸಂಪರ್ಕವನ್ನು ಕಡಿಯಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ರೋಗವಿಲ್ಲದ ಬೇರೊಂದು ಯಂತ್ರದಿಂದ ಬದಲಾಯಿಸಬೇಕು. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ 1930ಕ್ಕೆ ಕರೆ ಮಾಡಬೇಕು; ಅಲ್ಲಿ ಪ್ರತಿಯೊಂದು ನಿಮಿಷಕ್ಕೂ ಬೆಲೆಯಿದೆ.

ರಸಬಾಳೆಯನ್ನು ಮತ್ತೆ ಬೆಳೆಯ ಹೊರಟವರು ಪ್ರಯೋಗಾಲಯದ ಅಂಗಾಂಶ ಕೃಷಿಯಿಂದ ಬಂದ, ರೋಗವಿಲ್ಲದ ಸಸಿಗಳನ್ನು ನೆಡುತ್ತಾರೆ. ನಮಗೂ ಅಂತಹ ಶುದ್ಧ ಸಸಿ ಬೇಕು. ಅಗಲಿದ ತಾಯಿಯ ಭಾವಚಿತ್ರ, ಮಗಳು ಎರಡು ವರ್ಷ ಶ್ರಮಿಸಿ ಬರೆದ ಪ್ರಬಂಧ, ಜಮೀನಿನ ಪತ್ರಗಳ ಪ್ರತಿ—ಇವನ್ನು ಯಾವ ಅಂಗಡಿಯೂ ಮತ್ತೆ ಮಾರಲಾರದು. ಬೇರೊಂದು ಹಾರ್ಡ್ ಡಿಸ್ಕಿಗೆ ಇವುಗಳ ನಕಲನ್ನು ಮಾಡಿ, ಕೆಲಸವಾದೊಡನೆ ಅದನ್ನು ಕಂಪ್ಯೂಟರಿನಿಂದ ಕಳಚಿ ಬೀರುವಿನಲ್ಲಿಡಬೇಕು. ಸದಾ ಅಂಟಿಸಿಟ್ಟ ನಕಲಿಗೂ ವೈರಸ್ಸು ಬೀಗ ಹಾಕಬಲ್ಲುದು. ವರ್ಷಕ್ಕೆರಡು ಬಾರಿ ಆ ಡಿಸ್ಕನ್ನು ತೆರೆದು, ಒಳಗಿನವು ಓದಲು ಬರುತ್ತವೆಯೇ ಎಂದು ನೋಡಬೇಕು. ಮೇಲೆ ಹೇಳಿದ ಕೆಲಸಗಳಲ್ಲಿ ಒಂದನ್ನು ಮಾತ್ರ ಮಾಡಲು ಬಿಡುವಿರುವ ವಾಚಕರು ಇದನ್ನೇ ಮೊದಲು ಮಾಡಲಿ, ಬರುವ ಭಾನುವಾರವೇ ಮಾಡಲಿ.