ಎದ್ದು ಹೋಗುವ ಕ್ರೌಡ್ ಯಾವುದು?



ಕಳೆದ ತಿಂಗಳು ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಬೆನ್ನಿಗೆ ಗಿಟಾರು, ಕೈಯಲ್ಲಿ ಪೋಸ್ಟರಿನ ಮ್ಯಾಟರು. ತಾನೇ ಬರೆದು, ತಾನೇ ರಾಗ ಹಾಕಿ, ಸ್ವಂತ ದುಡ್ಡಿನಲ್ಲಿ ರೆಕಾರ್ಡ್ ಮಾಡಿಸಿದ ಹಾಡುಗಳಂತೆ. ಅಮೆರಿಕದ ಸೋಲ್, ಪಾಪ್, ಕಂಟ್ರಿ ಮೂರನ್ನೂ ಬೆರೆಸಿದ್ದೀನಿ ಸಾರ್ ಅಂದ. ಭೇಷ್ ಅಂದೆ. ಮ್ಯಾಟರು ಬಿಡಿಸಿ ನೋಡಿದರೆ ಒಂದಕ್ಷರ ಕನ್ನಡವಿಲ್ಲ! ಯಾಕಪ್ಪಾ ಅಂದರೆ, "ಕನ್ನಡದಲ್ಲೂ ನಾಲ್ಕು ಹಾಡಿವೆ ಸಾರ್. ಹೋಟೆಲಿನವರು ಬೇಡ ಅಂದರು. ಕ್ರೌಡ್ ಎದ್ದು ಹೋಗುತ್ತಂತೆ" ಅಂದ.

ಆ ಕ್ರೌಡ್ ಯಾರು? ಮಲ್ಲೇಶ್ವರ, ವಿಜಯನಗರ, ಬಸವನಗುಡಿಯಿಂದ ಬೈಕಿನಲ್ಲಿ ಹೋಗಿ ಕೂರುವ ನೀವೇ ಅಲ್ಲವೇ?

ಈ ಕಂಟ್ರಿ ಎಂಬುದು ಏನೆಂದು ಸ್ವಲ್ಪ ಕೇಳಿ. ಅಮೆರಿಕದ ದಕ್ಷಿಣದ ರೈತರ, ಕೂಲಿಗಳ ಹಾಡು. ಅವರ ಹಳ್ಳಿ ಉಚ್ಚಾರಣೆಯನ್ನು ಯಾರೂ ತಿದ್ದಲಿಲ್ಲ, ಅದೇ ಅದರ ಜೀವ. ಜಾರ್ಜಿಯಾದಲ್ಲಿ 1930ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಕಪ್ಪು ಹುಡುಗ ರೇ ಚಾರ್ಲ್ಸ್ ಆ ಹಾಡುಗಳನ್ನು ರೇಡಿಯೋದಲ್ಲಿ ಕೇಳಿ ಬೆಳೆದ. ಸೋಲ್ ಗಾಯಕನೆಂದು ಹೆಸರಾದ ಮೇಲೆ, 1962ರಲ್ಲಿ, ಬಿಳಿಯರದ್ದೆಂದು ಎಲ್ಲರೂ ತಿಳಿದಿದ್ದ ಆ ಕಂಟ್ರಿ ಹಾಡುಗಳನ್ನೇ ತನ್ನ ಧಾಟಿಯಲ್ಲಿ ಹಾಡುತ್ತೇನೆಂದು ಹೊರಟ. ನಿನ್ನ ಕೇಳುಗರು ಕೈಬಿಡುತ್ತಾರೆ ಎಂದು ಕಂಪನಿಯವರು ಹೆದರಿಸಿದರು. ನಮ್ಮ ಹೋಟೆಲಿನವರ ಮಾತೇ! ಆತ ಕೇಳಲಿಲ್ಲ. ಆ ಆಲ್ಬಂ 14 ವಾರ ಮೊದಲ ಸ್ಥಾನದಲ್ಲಿ ನಿಂತಿತು. ತನ್ನ ರೆಕಾರ್ಡುಗಳ ಮೂಲ ಟೇಪಿನ ಒಡೆತನವನ್ನೂ ಕರಾರಿನಲ್ಲಿ ಬರೆಸಿಕೊಂಡಿದ್ದ, ಬುದ್ಧಿವಂತ. ಟ್ರೇಸಿ ಚಾಪ್ಮನ್ ಎಂಬ ಕಪ್ಪು ಹೆಣ್ಣುಮಗಳು ಗಿಟಾರು ಹಿಡಿದು 1988ರಲ್ಲಿ ಹಾಡಿದ 'ಫಾಸ್ಟ್ ಕಾರ್' ಹಾಡಿಗೆ 35 ವರ್ಷದ ಮೇಲೆ, 2023ರಲ್ಲಿ, ಕಂಟ್ರಿಯವರು ವರ್ಷದ ಹಾಡೆಂದು ಪ್ರಶಸ್ತಿ ಕೊಟ್ಟರು.

ಅವರ ಹಳ್ಳಿ ನಾಲಿಗೆ ನಿಮಗೆ ಸ್ಟೈಲು. ನಮ್ಮ ಹಾವೇರಿಯ ಹುಡುಗ "ಯಾಕ್ರೀ, ಹೆಂಗದೀರಿ" ಎಂದರೆ ನಗು! ಶಿಶುನಾಳ ಶರೀಫರು ಹಾಡಿದ್ದು ಅದೇ ನಾಲಿಗೆಯಲ್ಲಿ. ಆ ಪದಗಳನ್ನು ಗಿಟಾರಿಗೆ ಕೂರಿಸಿ ರಘು ದೀಕ್ಷಿತ್ ತಂಡ 2008ರಲ್ಲಿ ಆಲ್ಬಂ ತಂದಾಗ ಅದನ್ನು ಹೊರತಂದವರು ಮುಂಬೈನ ವಿಶಾಲ್-ಶೇಖರ್. ನಮ್ಮೂರಿನ ಕ್ಯಾಸೆಟ್ ದೊರೆಗಳಲ್ಲ. ಇದೇ ನಾಡಿನಲ್ಲಿ 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಮನೆ ಮನೆ ತಲುಪಿತ್ತು ಎಂಬುದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿದ್ದೀತು.

ಇಂಗ್ಲಿಷ್ ಹಾಡು ಕೇಳಬೇಡಿ ಎಂದು ನಾನು ಹೇಳುತ್ತಿಲ್ಲ. ರೇ ಚಾರ್ಲ್ಸನ ಹಾಡು ನನ್ನ ಪ್ರೆಸ್ಸಿನಲ್ಲೂ ಮೊಳಗುತ್ತದೆ, ಮಷೀನಿನ ಸದ್ದಿನ ನಡುವೆ ಕೇಳಿಸಿದಷ್ಟು. ಆದರೆ ಬೆಂಗಳೂರಿನಲ್ಲಿ ಕನ್ನಡದ ಹುಡುಗ ತನ್ನ ನಾಲ್ಕು ಕನ್ನಡ ಹಾಡನ್ನು ಜೇಬಿನಲ್ಲಿಟ್ಟುಕೊಂಡು ವೇದಿಕೆ ಹತ್ತಬೇಕೇ?

ಆ ಹುಡುಗನ ಹೆಸರನ್ನು ದಪ್ಪ ಕನ್ನಡ ಅಕ್ಷರದಲ್ಲಿ ಮೇಲೆ ಹಾಕಿ ಪೋಸ್ಟರು ಮಾಡಿ ಕೊಟ್ಟೆ. ಉಳಿದದ್ದು ನಿಮ್ಮ ಕೆಲಸ. ಇಂಥ ಕಾರ್ಯಕ್ರಮಗಳಿಗೆ ಹತ್ತು ಜನ ಸೇರಿ ಹೋಗಿ, ಟಿಕೆಟ್ ಕೊಂಡೇ ಹೋಗಿ. ಮುಂದಿನ ಸಾಲಿನಲ್ಲಿ ಕೂತು "ಕನ್ನಡ ಹಾಡು" ಎಂದು ಚೀಟಿ ಕಳಿಸಿ. ಹಾಡಿದರೆ ಚಪ್ಪಾಳೆ ಹೊಡೆಯಿರಿ. ಬಿಡದಿದ್ದರೆ ಗಲಾಟೆ ಬೇಡ, ಕುರ್ಚಿ ಮುರಿಯುವುದೂ ಬೇಡ. ಬಿಲ್ ಚುಕ್ತಾ ಮಾಡಿ, ಮ್ಯಾನೇಜರಿಗೆ ಕಾರಣ ಹೇಳಿ, ಹತ್ತೂ ಜನ ಒಟ್ಟಿಗೆ ಎದ್ದು ಬನ್ನಿ. ಕ್ರೌಡ್ ಯಾವುದಕ್ಕೆ ಎದ್ದು ಹೋಗುತ್ತದೆಂದು ಅವರೂ ಒಮ್ಮೆ ನೋಡಲಿ.