ತಾಲ್ಲೂಕು ಒಡೆದ ಹಾಗಲ್ಲ ಪ್ಲಗಿನ್ ಮಾಡೋದು

ದೊಡ್ಡ ಅಪ್ಲಿಕೇಶನ್ ಒಡೆದು ನಡುವೆ ಪುಟ್ಟ ಕೋರ್ ಇಟ್ಟು, ಮಿಕ್ಕಿದ್ದನ್ನೆಲ್ಲ ಪ್ಲಗಿನ್ ಮಾಡಿ ಅಂತ ಹೇಳೋದು ಸುಲಭ. ನಮ್ಮ ಆಫೀಸಿನಲ್ಲೂ ಈಗ ಇದೇ ಮಂತ್ರ. ಆದ್ರೆ ಬೋರ್ಡಿನ ಮೇಲೆ ಬರೆಯೋ ಚಿತ್ರ ನೋಡಿದ್ರೆ ನನಗೆ ಪ್ಲಗಿನ್ ಕಾಣಲ್ಲ, ಅಜ್ಜಂಪುರ ಕಾಣುತ್ತೆ :)

ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನ ಹೋಬಳಿ. 2017ರ ಬಜೆಟ್‌ನಲ್ಲಿ ಹೇಳಿದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ತಾಲ್ಲೂಕು ಅಂದಮೇಲೆ ಅದಕ್ಕೊಬ್ಬರು ತಹಸೀಲ್ದಾರರು, ಅದಕ್ಕೊಂದು ಕಚೇರಿ. ತರೀಕೆರೆಯಲ್ಲಿ ಇದ್ದದ್ದೇ ಇಲ್ಲೂ ಬೇಕು. ಜನರ ಓಡಾಟ ತಪ್ಪುತ್ತೆ ಅನ್ನೋದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಸಾಫ್ಟ್‌ವೇರನ್ನ ಹೀಗೆ ಒಡೆದ್ರೆ ಲಾಗಿನ್ ಕೋಡ್ ಎರಡು ಕಡೆ, ಬಗ್ಗೂ ಎರಡು ಕಡೆ.

ನಿಜವಾದ ಉದಾಹರಣೆ ಅದೇ ಕಚೇರಿಯ ಕಂಪ್ಯೂಟರಿನೊಳಗಿದೆ. 2000ದ ಸುಮಾರಿಗೆ ಪಹಣಿಗಳು 'ಭೂಮಿ'ಗೆ ಬಂದವು. ನೋಂದಣಿಗೆ 'ಕಾವೇರಿ', ಅಳತೆಗೆ 'ಮೋಜಿಣಿ' ಬೇರೆಯಾಗೇ ಬಂದವು. ಎಲ್ಲವನ್ನೂ ಭೂಮಿಯ ಹೊಟ್ಟೆಗೇ ತುರುಕಲಿಲ್ಲ. ಕಡೂರಿನಲ್ಲಿ ಕ್ರಯಪತ್ರ ರಿಜಿಸ್ಟರ್ ಆದ್ರೆ ಕಾವೇರಿ ಭೂಮಿಗೆ ಸುದ್ದಿ ಮುಟ್ಟಿಸುತ್ತೆ, ಖಾತೆ ಬದಲಾವಣೆ ಶುರುವಾಗುತ್ತೆ.

'ಫ್ರೂಟ್ಸ್' ಇನ್ನೂ ಅಚ್ಚುಕಟ್ಟು. ರೈತ ಯಾರು, ಜಮೀನು ಯಾವ ಸರ್ವೆ ನಂಬರಿನದು, ಅದಕ್ಕೊಂದು ಎಫ್‌ಐಡಿ. ಬೆಂಬಲ ಬೆಲೆಗೆ ರಾಗಿ ಮಾರೋದಿರಲಿ, ಬೆಳೆ ಪರಿಹಾರ ಇರಲಿ, ಎಲ್ಲ ಕಡೆ ಅದೇ ನಂಬರು ಕೇಳ್ತಾರೆ. ನಾಳೆ ಒಂದು ಯೋಜನೆ ನಿಂತುಹೋದ್ರೂ ಫ್ರೂಟ್ಸ್‌ಗೆ ಏನೂ ಆಗಲ್ಲ. ನನ್ನ ಪರೀಕ್ಷೆಯೂ ಇದೇ: ಪ್ಲಗಿನ್ ಕಿತ್ತು ಹಾಕಿದ್ರೆ ಕೋರ್‌ಗೆ ಗೊತ್ತೇ ಆಗಬಾರದು. (ಅಂದಹಾಗೆ, ತಾಲ್ಲೂಕುಗಳ ಪಟ್ಟಿಯನ್ನ ಕೋಡಿನಲ್ಲೇ ಬರೆದಿಟ್ಟವರಿಗೆ ಅಜ್ಜಂಪುರ ಎಷ್ಟು ರಾತ್ರಿ ನಿದ್ದೆಗೆಡಿಸಿರಬೇಡ!)

ಆದ್ರೆ ಈ ಸೊಗಸಿಗೊಂದು ಬೆಲೆ ಇದೆ, ಅದನ್ನ ಕನ್ಸಲ್ಟೆಂಟುಗಳು ಹೇಳಲ್ಲ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ ಅಂದುಕೊಳ್ಳಿ. ನಮ್ಮ ಕಡೆ ಇದೇನು ಅಪರೂಪವಲ್ಲ. ಉಳುವ ಮೊಮ್ಮಗನ ಎಫ್‌ಐಡಿಗೆ ಆ ಸರ್ವೆ ನಂಬರು ಸೇರಲ್ಲ. ಸೇರದಿದ್ರೆ ರಾಗಿ ಕೇಂದ್ರದಲ್ಲಿ ಇಲ್ಲ, ಪರಿಹಾರದ ಪಟ್ಟಿಯಲ್ಲೂ ಇಲ್ಲ. ಹತ್ತು ಇಲಾಖೆಗೆ ಹತ್ತು ಅರ್ಜಿ ಇದ್ದ ಕಾಲದಲ್ಲಿ ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ತೆರೆದಿರ್ತಿತ್ತು. ಈಗ ನಡುವಿನ ಒಂದು ಸಾಲು ತಪ್ಪಿದ್ರೆ ಎಲ್ಲ ಬಾಗಿಲೂ ಒಟ್ಟಿಗೇ ಮುಚ್ಚುತ್ತೆ. ಪೌತಿ ಖಾತೆ ಆಗೋತನಕ ಆತ ಓಡಾಡಬೇಕು, ಆದ್ರೆ ಮಳೆ ಬೆಳೆ ಕಾಯಲ್ಲವಲ್ಲ.

ಅದಕ್ಕೇ ಕೋರ್ 'ಚಿಕ್ಕದು, ಹೊಸಬರು ಮಾಡ್ಲಿ ಬಿಡಿ' ಅನ್ನೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಪ್ಲಗಿನ್ ಹೇಗೆ ಬೇಕಾದ್ರೂ ಇರಲಿ, ಅದು ಕೆಟ್ಟರೆ ಅದೊಂದೇ ಕೆಡುತ್ತೆ. ತಂಡದ ಪಳಗಿದ ಕೈ ಕೋರ್‌ನಲ್ಲೇ ಇರಬೇಕು. ಜೊತೆಗೆ ಕೋರ್‌ನ ದಾಖಲೆ ತಪ್ಪಿದಾಗ ಅದನ್ನ ಯಾರು, ಎಷ್ಟು ದಿನದಲ್ಲಿ ತಿದ್ದಬೇಕು ಅನ್ನೋದು ಮೊದಲ ಪ್ಲಗಿನ್ ಬರೆಯೋ ಮುಂಚೆಯೇ ತೀರ್ಮಾನ ಆಗಿರಬೇಕು. ನಿಮ್ಮಲ್ಲಿ ಯಾರಾದ್ರೂ ಇದನ್ನ ಮುಂಚೇನೇ ಬರೆದಿಟ್ಟುಕೊಂಡು ಶುರು ಮಾಡಿದ ಪ್ರಾಜೆಕ್ಟ್ ನೋಡಿದ್ದೀರಾ?