ಕೇಸು ಮುಗೀತಂತೆ, ಯಾರ ಕಡೆಗೆ?

ಎರಡು ವರ್ಷದ ಹಿಂದೆ ಪೆರುಂಗುಡಿಯ ಆಫೀಸ್ ಕ್ಯಾಂಟೀನಿನಲ್ಲಿ ಕೂತು ನಾನೊಂದು ತಪ್ಪು ಮಾಡಿದೆ. ಹಾಸನದ ಕಡೆಯ ನಮ್ಮೂರಿನಿಂದ ಚಿಕ್ಕಪ್ಪ ಫೋನ್ ಮಾಡಿ, ತೋಟದ ದಾರಿಯ ಕೇಸು ಏನಾಯಿತು ನೋಡು ಅಂದರು. ವಕೀಲರು ಫೋನ್ ಎತ್ತುತ್ತಿರಲಿಲ್ಲ. ಮೊಬೈಲಿನಲ್ಲಿ ಕೇಸ್ ನಂಬರ್ ಹಾಕಿ ನೋಡಿದೆ. ಕಣ್ಣಿಗೆ ಬಿದ್ದದ್ದು ಒಂದೇ ಪದ: ಡಿಸ್ಪೋಸ್ಡ್.

"ಚಿಕ್ಕಪ್ಪ, ಕೇಸು ಮುಗೀತು ಅಂತ ತೋರಿಸ್ತಿದೆ."

"ಅಬ್ಬಾ, ಬಿಡು ಮಗ. ಪೀಡೆ ಕಳೀತು."

ಕೇಸು ಹಾಕಿದ್ದವರು ಪಕ್ಕದ ತೋಟದವರು. ಅವರ ಕೇಸು ಮುಗಿಯಿತು ಎಂದರೆ ಬಿದ್ದುಹೋಯಿತು ಎಂದು ಚಿಕ್ಕಪ್ಪ ತಿಳಿದರು. ಎಂ.ಟೆಕ್ ಮಾಡಿದ ನಾನೂ ಹಾಗೇ ತಿಳಿದೆ. ಎರಡೂವರೆ ತಿಂಗಳ ಮೇಲೆ ಮನೆಗೆ ಅಮಲ್ಜಾರಿ ನೋಟಿಸು ಬಂತು. ಕೇಸು ಬಿದ್ದಿರಲಿಲ್ಲ, ಅವರ ಪರ ಡಿಕ್ರಿ ಆಗಿತ್ತು. ಜಿಲ್ಲಾ ಕೋರ್ಟಿಗೆ ಅಪೀಲು ಹೋಗಲು ಇದ್ದ 30 ದಿನ ಕಳೆದುಹೋಗಿತ್ತು. ಈಗ ತಡವಾದದ್ದಕ್ಕೆ ಕಾರಣ ಹೇಳಿ, ವಿಳಂಬ ಮನ್ನಾ ಮಾಡಿ ಎಂದು ಕೈಮುಗಿಯುತ್ತಿದ್ದೇವೆ.

ನಾವು ಬಗ್ ಟ್ರ್ಯಾಕರ್‌ನಲ್ಲಿ ಒಂದು ಬಗ್ ಅನ್ನು ಸುಮ್ಮನೆ 'ಕ್ಲೋಸ್ಡ್' ಎಂದು ಹಾಕಿದರೆ ಕ್ಲೈಂಟ್ ಬಿಡುತ್ತಾನೆಯೇ? ಸರಿಪಡಿಸಿ ಮುಚ್ಚಿದಿರೋ, ಮಾಡುವುದಿಲ್ಲ ಎಂದು ಮುಚ್ಚಿದಿರೋ ಹೇಳಿ ಅನ್ನುತ್ತಾನೆ. ಡಿಸ್ಪೋಸ್ಡ್ ಕೂಡ ಅಂಥದ್ದೇ ಪದ. ಗೆದ್ದರೂ, ಸೋತರೂ, ರಾಜಿಯಾದರೂ, ವಾದಿಯೇ ಬರದೆ ವಜಾ ಆದರೂ ಕೇಸು ಡಿಸ್ಪೋಸ್ಡ್. ಕನ್ನಡದಲ್ಲಿ ಇದಕ್ಕೆ 'ವಿಲೇವಾರಿ' ಎನ್ನುತ್ತಾರೆ. ಕಸಕ್ಕೂ ಅದೇ ಪದ. ಕೋರ್ಟಿನ ಕಡತಕ್ಕೆ ಅದು ಸಾಕು. ತೋಟ ಇಟ್ಟುಕೊಂಡವನಿಗೆ ಸಾಲದು.

ಇದನ್ನು ಹೇಳಿದಾಗ ವಕೀಲ ಸ್ನೇಹಿತರೊಬ್ಬರು ನಕ್ಕರು. ಕಾನೂನಿಗೆ ನಿಖರತೆ ಬೇಕು, ಅದು ಇಂಗ್ಲಿಷಿನಲ್ಲಿ ಮಾತ್ರ ಸಾಧ್ಯ ಎಂದರು. ನಾನು ಒಪ್ಪುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಯಾವ ಅಪರಾಧಕ್ಕೆ ಜಾಮೀನು ಹಕ್ಕು ಎಂದು ಹೇಳಿತು, 'ಜಾಮೀನು' ಎಂದರೇನು ಎಂದು ಮಾತ್ರ ಹೇಳಲಿಲ್ಲ. ಆ ವ್ಯಾಖ್ಯೆ ಬಂದದ್ದು 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ. ಐವತ್ತು ವರ್ಷ ವ್ಯಾಖ್ಯೆಯೇ ಇಲ್ಲದ ಪದದಿಂದ ಜನರನ್ನು ಒಳಗೆ ಹಾಕಿದ್ದಾಯಿತು, ಹೊರಗೆ ಬಿಟ್ಟಿದ್ದೂ ಆಯಿತು. ನಿಖರತೆ ಬರುವುದು ವ್ಯಾಖ್ಯೆಯಿಂದ. ವ್ಯಾಖ್ಯೆಯನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು.

ನಮ್ಮ ಕನ್ನಡಾಭಿಮಾನಿಗಳ ಜೊತೆಗೂ ನನ್ನ ಜಗಳವಿದೆ. ಜಾಮೀನು, ವಕಾಲತ್ತು, ಜಪ್ತಿ, ಮಹಜರು, ವಜಾ, ಮನ್ನಾ ಇವೆಲ್ಲ ಪಾರ್ಸಿ-ಅರಬ್ಬಿಯ ಕಡೆಯಿಂದ ಬಂದವು, ತೆಗೆದುಹಾಕಿ ಎನ್ನುವವರಿದ್ದಾರೆ. ಸಾಲ ಮನ್ನಾ ಗೊತ್ತಿದ್ದ ಚಿಕ್ಕಪ್ಪನಿಗೆ 'ವಿಳಂಬ ಮನ್ನಾ' ಅರ್ಥ ಮಾಡಿಸಲು ನನಗೆ ಅರ್ಧ ನಿಮಿಷ ಸಾಕಾಯಿತು. ಅದೇ 'ಅಭಿರಕ್ಷೆ' ಎಂದರೆ ಕಸ್ಟಡಿ ಎಂದು ಎಷ್ಟು ಜನಕ್ಕೆ ಗೊತ್ತು? ಸರ್ಕಾರಿ ಕನ್ನಡದಲ್ಲಿ ಕಾಯಿದೆಯ ಸೆಕ್ಷನ್ನಿಗೆ 'ಪ್ರಕರಣ' ಎನ್ನುತ್ತಾರೆ, ಪೇಪರಿನವರು ಕೇಸಿಗೂ 'ಪ್ರಕರಣ' ಎನ್ನುತ್ತಾರೆ. ಒಂದೇ ಹೆಸರಿಗೆ ಎರಡು ಅರ್ಥವಿಟ್ಟು ಪ್ರೋಗ್ರಾಂ ಬರೆದರೆ ನಮ್ಮ ಜೂನಿಯರ್‌ಗಳಿಗೇ ಬೈಯುತ್ತೇವೆ.

ಚೆನ್ನೈನಲ್ಲಿ ಫ್ಲ್ಯಾಟ್ ಕೊಳ್ಳುವಾಗ ಬ್ರೋಕರ್ 'ವಿಲ್ಲಂಗ ಸರ್ಟಿಫಿಕೇಟ್ ನೋಡಿದಿರಾ' ಎಂದು ಕೇಳಿದ. ತಮಿಳಿನಲ್ಲಿ ವಿಲ್ಲಂಗವೆಂದರೆ ತಕರಾರು, ತೊಡಕು. ತಂಟೆಕೋರನಿಗೂ ಬೀದಿಯಲ್ಲಿ ಅದೇ ಪದ ಬಳಸುತ್ತಾರೆ. ಹಾಗಾಗಿ ಆಸ್ತಿಯ ಮೇಲೆ ತೊಡಕಿದೆಯೇ ಎಂದು ಹೇಳುವ ಕಾಗದ ಇದು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅದು 'ಋಣಭಾರ ಪ್ರಮಾಣಪತ್ರ'. ಜನ ಅದನ್ನು ಬಿಟ್ಟು 'ಇಸಿ' ಎನ್ನುತ್ತಾರೆ.

ಆದರೂ ಹೈಕೋರ್ಟಿನ ಬಾಗಿಲಲ್ಲಿ ತಮಿಳರೂ ನಾವೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ. ಸಂವಿಧಾನದ 348ನೇ ವಿಧಿಯಂತೆ ಅಲ್ಲಿ ಇಂಗ್ಲಿಷ್. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಬೇರೆ ಭಾಷೆಗೆ ಅವಕಾಶ ಕೊಡಬಹುದು. ರಾಜಸ್ಥಾನ (1950), ಉತ್ತರ ಪ್ರದೇಶ (1969), ಮಧ್ಯಪ್ರದೇಶ (1971), ಬಿಹಾರ (1972) ಹೀಗೆ ಹಿಂದಿಗೆ ಅವಕಾಶ ಪಡೆದವು. ತಮಿಳುನಾಡು ವಿಧಾನಸಭೆ 2006ರಲ್ಲಿ ನಿರ್ಣಯ ಮಾಡಿತು. ತಮಿಳು, ಕನ್ನಡ ಸೇರಿದಂತೆ ಹಲವು ರಾಜ್ಯಗಳ ಕೋರಿಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಾಲ್ಕು ಕಡೆ ಆಗುವುದು ನಮ್ಮಲ್ಲಿ ಯಾಕೆ ಆಗದು ಎಂಬ ಪ್ರಶ್ನೆ ಹಾಗೇ ಉಳಿದಿದೆ. 2019ರಲ್ಲಿ ಬಂದ ಸುವಾಸ್ ತಂತ್ರಾಂಶದಿಂದ ತೀರ್ಪುಗಳ ಅನುವಾದ ನಡೆಯುತ್ತಿದೆ, ಒಳ್ಳೆಯದೇ. ಆದರೆ ಅನುವಾದ ಅರ್ಥ ಮಾಡಿಕೊಳ್ಳಲು ಮಾತ್ರ, ಅಧಿಕೃತವಾದದ್ದು ಇಂಗ್ಲಿಷ್ ಪ್ರತಿಯೇ.

ಆ ದೊಡ್ಡ ಬಾಗಿಲು ತೆರೆಯುವವರೆಗೂ ಕಾಯಬೇಕಿಲ್ಲದ ಕೆಲಸಗಳಿವೆ. ಪ್ರತಿ ತೀರ್ಪಿನ ಜೊತೆ ಕಕ್ಷಿದಾರನಿಗೆ ಒಂದು ಪುಟ ಕನ್ನಡದಲ್ಲಿ ಕೊಡಲಿ: ಯಾರ ಪರ ಆಯಿತು, ನೀವೇನು ಮಾಡಬೇಕು, ಅಪೀಲಿಗೆ ಎಷ್ಟು ದಿನವಿದೆ. ಮೊಬೈಲಿನಲ್ಲಿ 'ಡಿಸ್ಪೋಸ್ಡ್' ಎಂಬಲ್ಲೇ ಫಲಿತಾಂಶವೂ ಕನ್ನಡದಲ್ಲಿ ಕಾಣಲಿ. ಒಂದು ಪದಕ್ಕೆ ಒಂದೇ ಅರ್ಥವಿರುವ ಪದಪಟ್ಟಿಯನ್ನು, ಜನ ಆಡುವ ಮಾತಿನಿಂದಲೇ ಆರಿಸಿ, ಕೋರ್ಟಿನ ಗೋಡೆಗೆ ಹಾಕಲಿ.

ಇನ್ನು ನಮ್ಮ ಪಾಲಿನದು. ದೂರದಲ್ಲಿ ಕೂತು ಊರಿನ ಹಿರಿಯರ ಕೇಸು ನೋಡುವವರು ನಾವು. ಅರ್ಥವಾಗದ ಪದವನ್ನು ಅರ್ಥವಾದಂತೆ ದಾಟಿಸಬೇಡಿ. ತೀರ್ಪಿನ ಕೊನೆಯ ಪ್ಯಾರಾ ತೆಗೆಸಿ ಓದಿ, ತಿಳಿಯದಿದ್ದರೆ ಮತ್ತೊಬ್ಬ ವಕೀಲರನ್ನು ಕೇಳಿ. 'ಮುಗೀತು' ಎಂದ ಆ ಒಂದು ಫೋನಿನ ನಂತರ ಚಿಕ್ಕಪ್ಪ ನನ್ನನ್ನು ಒಮ್ಮೆಯೂ ಬೈದಿಲ್ಲ. ಆದರೆ ಕೇಸಿನ ವಿಷಯ ಕೇಳಲು ನನಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾರೆ.